ಮುಚ್ಚಳ ಬೀಳದೆ ಬಂದ ಕರೆ

ಕಳೆದ ವಾರ ಕಿವಿ ತೋರಿಸಲು ಹೋಗಿದ್ದೆ. ವಯಸ್ಸಾದ ಮೇಲೆ ದೇಹದ ಒಂದೊಂದೇ ಪಾರ್ಟು ರಾಜೀನಾಮೆ ಕೊಡುತ್ತಾ ಹೋಗುತ್ತದಲ್ಲ, ಈಗ ನನ್ನ ಬಲಗಿವಿಯ ಸರದಿ. ಗಾಜಿನ ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ತಲೆಗೆ ಹೆಡ್‌ಫೋನ್ ಹಾಕಿ ಕೈಗೊಂದು ಬಟನ್ ಕೊಟ್ಟಳು. "ಶಬ್ದ ಕೇಳಿಸಿದಾಗ ಮಾತ್ರ ಒತ್ತಿ ಅಜ್ಜಿ" ಅಂದಳು. ನಾನು ಗಂಭೀರವಾಗಿ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಐದಾರು ಸಲ ಆದಮೇಲೆ ಅವಳು ಬಾಗಿಲು ತೆಗೆದು ಇಣುಕಿದಳು. "ಅಜ್ಜಿ, ನಾನಿನ್ನೂ ಮಷೀನ್ ಆನೇ ಮಾಡಿಲ್ಲ!"

"ಸಾರಿ ಕಣಮ್ಮ, ಓಲ್ಡ್ ಹ್ಯಾಬಿಟ್" ಅಂದೆ.

ತಪ್ಪು ನನ್ನದಲ್ಲ, ಆ ಹೆಡ್‌ಫೋನಿನ ವಾಸನೆಯದು. ಬೆವರು, ಕೊಬ್ಬರಿ ಎಣ್ಣೆ, ಹಳೇ ಸ್ಪಂಜು, ಮೂರೂ ಸೇರಿದ ಆ ವಾಸನೆಯಲ್ಲಿ ನನ್ನ ಯೌವನದ ಹನ್ನೊಂದು ವರ್ಷ ಕಳೆದಿದ್ದೇನೆ. ನಿಮ್ಮಲ್ಲಿ ನನ್ನ ಓರಗೆಯವರಿಗೆ ನೆನಪಿರಬೇಕು, ಆಗ ಫೋನಿನಲ್ಲಿ ನಂಬರ್ ಒತ್ತುವ ಸೌಭಾಗ್ಯವಿರಲಿಲ್ಲ. ಪಕ್ಕದ ಹಿಡಿಕೆಯನ್ನು ಗರಗರ ತಿರುಗಿಸಬೇಕು. ಊರಿನ ಎಕ್ಸ್‌ಚೇಂಜಿನಲ್ಲಿ ಒಬ್ಬಳು ಕೂತಿರುತ್ತಾಳೆ. ಅವಳ ಮುಂದಿನ ಬೋರ್ಡಿನಲ್ಲಿ ನಿಮ್ಮ ನಂಬರಿನ ಹಿತ್ತಾಳೆ ಮುಚ್ಚಳ ಟಕ್ ಅಂತ ಕೆಳಗೆ ಬೀಳುತ್ತದೆ. ಅವಳು ಆ ತೂತಿಗೆ ಒಂದು ವೈರು ಚುಚ್ಚಿ, ಯಾರು ಬೇಕೆಂದು ಕೇಳಿ, ಅವರ ತೂತಿಗೆ ಇನ್ನೊಂದು ವೈರು ಚುಚ್ಚಿದರೆ ಮಾತುಕತೆ ಶುರು. ಎಪ್ಪತ್ತರ ದಶಕದ ಚನ್ನಗಿರಿಯಲ್ಲಿ ಆ 'ಒಬ್ಬಳು' ನಾನು.

ಆ ಕೆಲಸ ಸಿಕ್ಕಿದ್ದು ನನ್ನ ಇಂಗ್ಲಿಷಿನಿಂದ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ನನ್ನ ನಾಲಿಗೆಗೆ ಇಸ್ತ್ರಿ ಹಾಕಿದ್ದರು. ಪರಿಣಾಮವಾಗಿ ನಾನು 'ಚನ್ನಗಿರಿ' ಅಂದರೆ ಚನ್ನಗಿರಿಯವರಿಗೇ ಅದು ಯಾವ ದೇಶ ಅಂತ ತಿಳಿಯುತ್ತಿರಲಿಲ್ಲ. ಅಕ್ಕಿ ಗಿರಣಿಯ ಸಾಹುಕಾರರು ದಿನಾ ಬೆಳಿಗ್ಗೆ ಕೇಳುತ್ತಿದ್ದರು, "ಏನ್ರೀ ಲಂಡನ್ ಮೇಡಂ, ದಾವಣಗೆರೆ ಕೊಡ್ತೀರೋ ಇಲ್ಲಾ ನಮ್ಮನ್ನೂ ಲಂಡನ್ನಿಗೇ ಕಳಿಸ್ತೀರೋ?" ಊರಿನ ಸಮಾಚಾರವೆಲ್ಲ ನನ್ನ ಕಿವಿಯ ಮೇಲೇ ಹಾದು ಹೋಗುತ್ತಿತ್ತು. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾವ ವಕೀಲರು ಮನೆಯಲ್ಲಿದ್ದುಕೊಂಡೇ ಇಲ್ಲ ಅಂತ ಹೇಳಿಸುತ್ತಾರೆ, ಎಲ್ಲ ಗೊತ್ತಿತ್ತು. ಹೇಗೆ ಅಂತ ಕೇಳಬೇಡಿ. ಬೋರ್ಡಿನಲ್ಲಿ ಒಂದು ಕೀಲಿಯಿತ್ತು. ಅದನ್ನು ಚೂರು ಮುಂದೆ ತಳ್ಳಿದರೆ ಇಬ್ಬರ ಮಾತೂ ಆಪರೇಟರಿಗೆ ಕೇಳುತ್ತಿತ್ತು. ಲೈನ್ ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಇಟ್ಟ ಕೀಲಿ ಅದು. ನಾನು ಲೈನನ್ನು ಸ್ವಲ್ಪ ಜಾಸ್ತಿಯೇ ನೋಡುತ್ತಿದ್ದೆ. ಕನ್ಫೆಷನ್ನಿನಲ್ಲಿ ಹೇಳಿಕೊಳ್ಳಬೇಕಾದ ಪಾಪ. ಆದರೆ ಆ ಪಾಪದಿಂದಲೇ ಒಂದು ಪುಣ್ಯವಾಯಿತು, ಅದನ್ನು ಹೇಳಲೆಂದೇ ಈ ಪೀಠಿಕೆ.

ನನ್ನ ಜೊತೆಗೆ ಎರಡನೇ ಪಾಳಿಗೆ ಕಮಲಾಬಾಯಿ ಬಂದಳು. ನ್ಯಾಮತಿ ಕಡೆಯವಳು, ಸೂರಗೊಂಡನಕೊಪ್ಪದ ಹತ್ತಿರದ ಲಂಬಾಣಿ ತಾಂಡಾ. ಆ ತಾಂಡಾದಲ್ಲಿ ಎಸ್ಸೆಸೆಲ್ಸಿ ಪಾಸು ಮಾಡಿದ ಮೊದಲ ಹೆಣ್ಣು, ನೌಕರಿಗೆ ಸೇರಿದ ಮೊದಲ ಹೆಣ್ಣು. ಇಪ್ಪತ್ತೊಂದು ವಯಸ್ಸು. ನಮ್ಮ ವಠಾರದಲ್ಲೇ ಒಂದು ರೂಮು ಹಿಡಿದಳು. ಬೋರ್ಡಿನ ಮೇಲೆ ಅವಳ ಕೈ ಓಡುವುದನ್ನು ನೋಡಬೇಕಿತ್ತು ನೀವು. ನಾನು ಎರಡು ವರ್ಷದಲ್ಲಿ ಕಲಿತದ್ದನ್ನು ಎರಡು ತಿಂಗಳಲ್ಲಿ ಕಲಿತಳು. ಸಾಹುಕಾರರೇ ಒಪ್ಪಿಕೊಂಡರು, "ಈ ಹುಡುಗಿ ಕನ್ನಡದಾಗೆ ಮಾತಾಡ್ತೈತೆ ನೋಡ್ರಿ, ಲೈನೂ ಜಲ್ದಿ ಸಿಗ್ತೈತೆ." ನನಗೆ ಸ್ವಲ್ಪ ಹೊಟ್ಟೆ ಉರಿಯಿತು ಅಂತ ಈಗ ಹೇಳಿದರೆ ನಷ್ಟವಿಲ್ಲ.

ವರ್ಷ ತುಂಬುವ ಹೊತ್ತಿಗೆ ಒಂದು ದಿನ ಪಾಳಿ ಬದಲಾಯಿಸುವಾಗ ಅಂದಳು, "ಅಕ್ಕಾ, ಲೈನ್‌ನಾಗೆ ಯಾರೋ ನನ್ನ ಬಗ್ಗೆನೇ ಮಾತಾಡ್ತಾರ್ರೀ."

"ಕ್ರಾಸ್ ಟಾಕ್ ಕಣೇ, ಬೇರೆ ಲೈನಿನ ಮಾತು ನುಸುಳಿರುತ್ತೆ" ಅಂದೆ.

ಬೇರೆ ಯಾವ ಆಫೀಸಿನಲ್ಲಾದರೂ ಇದ್ದಿದ್ದರೆ ಅವಳ ಮಾತು ಕೇಳಿದವರು ಬೆಚ್ಚುತ್ತಿದ್ದರು. ನಮ್ಮಲ್ಲಿ ಇಲ್ಲದವರ ದನಿ ಕೇಳುವುದೇ ಕಸುಬು. ಶಿವಮೊಗ್ಗಕ್ಕೆ ಹೋಗುವ ಟ್ರಂಕ್ ಲೈನಿನಲ್ಲಿ ದಾವಣಗೆರೆಯ ಹತ್ತಿ ವ್ಯಾಪಾರಿಗಳು ಜಗಳವಾಡುವುದು, ಯಾರದೋ ನಿಶ್ಚಿತಾರ್ಥದ ನಡುವೆ ಯಾರದೋ ಸಾವಿನ ಸುದ್ದಿ ಬರುವುದು, ಇದೆಲ್ಲ ದಿನನಿತ್ಯದ್ದು. ಹಾಗಾಗಿ ಫಾಲ್ಟ್ ರಿಜಿಸ್ಟರಿನಲ್ಲಿ ಬರೆದೆ: ಕ್ರಾಸ್ ಟಾಕ್, ಪರಿಶೀಲಿಸುವುದು. ಲೈನ್‌ಮನ್ ರುದ್ರಪ್ಪ ನಲ್ಲೂರಿನವರೆಗೂ ಸೈಕಲ್ ಹೊಡೆದು ಕಂಬ ಕಂಬ ಹತ್ತಿದ. "ಒಂದ್ ಕಂಬದಾಗೆ ಅಳಿಲು ಗೂಡು ಕಟ್ಟಿತ್ರಿ ಮೇಡಂ, ಕಿತ್ತು ಹಾಕೀನಿ. ಇನ್ ಬರಲ್ಲ ಬಿಡ್ರಿ" ಅಂದ. ಬಂತು. ಹೆಡ್‌ಸೆಟ್ ಬದಲಾಯಿಸಿದೆವು. ಮತ್ತೂ ಬಂತು. ತ್ಯಾವಣಿಗೆ ಲೈನಿನ ವೈರು ಎಳೆದು ಬಿಗಿ ಮಾಡಿದರು. ಅಷ್ಟರಲ್ಲಿ ಕಮಲಾ ಸೊರಗಿದ್ದಳು. ಊಟ ಅರ್ಧಕ್ಕೇ ಬಿಡುವಳು, ಬಾಗಿಲಿಗೆ ಬೆನ್ನು ಕೊಟ್ಟು ಕೂರಲೊಲ್ಲಳು. ನಾನು ಸಮಾಧಾನ ಹೇಳುತ್ತಿದ್ದೆ, "ಹೊಸ ಕೇಬಲ್ ಬರಲಿ ತಾಳು."

ಹದಿನೆಂಟು ದಿನ ನಾವು ಆ ಹುಡುಗಿಯ ಕಾಯಿಲೆಯನ್ನು ಕಂಬದ ಮೇಲೆ ಹುಡುಕಿದೆವು.

ಹತ್ತೊಂಬತ್ತನೇ ದಿನ ಮಧ್ಯಾಹ್ನ ನಾನು ಬುತ್ತಿಯನ್ನು ಆಫೀಸಿನಲ್ಲೇ ಮರೆತು ಹೋಗಿ ವಾಪಸ್ ಬಂದೆ. ಕಮಲಾ ಬೋರ್ಡಿನ ಮುಂದೆ ಕೂತಿದ್ದಳು. ಹೆಡ್‌ಸೆಟ್ ಗೋಡೆಯ ಮೊಳೆಗೆ ನೇತುಹಾಕಿತ್ತು. ಬೋರ್ಡಿನ ಮುಚ್ಚಳಗಳೆಲ್ಲ ಮುಚ್ಚಿದ್ದವು, ಒಂದು ವೈರೂ ಚುಚ್ಚಿರಲಿಲ್ಲ. ಅವಳು ಕೈ ಮುಗಿದು ಗೋಡೆಗೆ ಹೇಳುತ್ತಿದ್ದಳು, "ಇಲ್ಲ ಸಾರ್. ನಾನೇನೂ ಕದ್ದಿಲ್ಲ ಸಾರ್. ಪರೀಕ್ಷೆ ಬರೆದೇ ಬಂದೀನಿ ಸಾರ್."

ನನ್ನ ಹತ್ತು ವರ್ಷದ ಕಾನ್ವೆಂಟು "ಓ ಮೈ ಗಾಡ್" ಅನ್ನುವುದಕ್ಕಿಂತ ಹೆಚ್ಚಿನದೇನನ್ನೂ ಕೊಡಲಿಲ್ಲ.

ಆದರೆ ಆ ಕೀಲಿ ಕೊಟ್ಟಿತ್ತು. ಕೆಲವು ತಿಂಗಳ ಹಿಂದೆ ನಲ್ಲೂರಿನ ಮೇಷ್ಟ್ರೊಬ್ಬರು ಹೊನ್ನಾಳಿಯ ಡಾಕ್ಟರಿಗೆ ಟ್ರಂಕ್ ಹಾಕಿಸಿ ತಮ್ಮ ತಂಗಿಯ ವಿಷಯ ಮಾತಾಡಿದ್ದರು. ಲೈನ್ ಸರಿಯಿದೆಯೋ ಅಂತ ನಾನು ಪೂರ್ತಿ ಕೇಳಿಸಿಕೊಂಡಿದ್ದೆ. ಆ ಡಾಕ್ಟರು ಮನಸ್ಸಿನ ಕಾಯಿಲೆಯ ಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಕಲಿತು ಬಂದವರಂತೆ. "ಇಲ್ಲದ ದನಿ ಕೇಳ್ತಾವೆ ಅಂದ್ರೆ ಕಾಯ್ಬೇಡ್ರಿ. ಎಷ್ಟು ಬೇಗ ಬರ್ತೀರೋ ಅಷ್ಟು ಒಳ್ಳೇದು. ಇದಕ್ಕೆ ಔಷಧ ಐತೆ" ಅಂದದ್ದು ನೆನಪಿನಲ್ಲಿ ಉಳಿದಿತ್ತು. ಕಮಲಾಳನ್ನು ಪಕ್ಕಕ್ಕೆ ಕೂರಿಸಿ ಹೊನ್ನಾಳಿಗೆ ವೈರು ಚುಚ್ಚಿದೆ.

"ಡಾಕ್ಟರ್, ನೀವು ನಲ್ಲೂರಿನ ಮೇಷ್ಟ್ರಿಗೆ ಹೇಳಿದ್ರಲ್ಲ..."

"ನಿಮಗೆ ಹೆಂಗೆ ಗೊತ್ತು?"

"ಕದ್ದು ಕೇಳಿದ್ದೆ. ಆ್ಯಮ್ ಸಾರಿ."

"ಒಳ್ಳೇ ಕೆಲಸ ಮಾಡಿದ್ರಿ. ಯಾರಿಗೆ? ಎಷ್ಟು ದಿನದಿಂದ?"

"ಹದಿನೆಂಟು ದಿನ. ನಾವು ಲೈನ್ ರಿಪೇರಿ ಮಾಡ್ತಾ ಕೂತಿದ್ವಿ."

"ಹದಿನೆಂಟು ವರ್ಷ ರಿಪೇರಿ ಮಾಡಿ ಕರ್ಕೊಂಡು ಬಂದೋರನ್ನ ನೋಡೀನಿ ನಾನು. ನಾಳೆ ಮೊದಲ್ನೇ ಬಸ್ಸಿಗೆ ಬರ್ರಿ. ಮನೆಯೋರೂ ಇರಲಿ."

ಮನೆಯವರು ಅಂದರೆ ಅವ್ವ ಸೋನಿಬಾಯಿ. ಸುದ್ದಿ ಕಳಿಸಿದ್ದಕ್ಕೆ ಸಂಜೆಯೊಳಗೆ ಬಂದಿಳಿದಳು, ಆಗಲೇ ನಿರ್ಧಾರ ಮಾಡಿಕೊಂಡು. ದೂರದಲ್ಲೊಂದು ಜಾಗವಿದೆಯಂತೆ, ಮೂರು ಅಮಾವಾಸ್ಯೆ ಅಲ್ಲಿ ಇರಿಸಿದರೆ ಮೈಮೇಲಿನ ದೆವ್ವ ಬಿಡುತ್ತದಂತೆ, ಓಡಿಹೋಗದ ಹಾಗೆ ಕಾಲಿಗೆ ಸರಪಳಿ ಹಾಕಿ ಕಟ್ಟುತ್ತಾರಂತೆ. ನಾನು ಆಸ್ಪತ್ರೆ ಅಂದೆ. ಅವಳು ತಲೆಯ ಮೇಲಿನ ಸೆರಗನ್ನು ಇನ್ನೂ ಮುಂದಕ್ಕೆಳೆದುಕೊಂಡಳು.

"ಅಮ್ಮಾರೇ, ಆಸ್ಪತ್ರೆಗೆ ಹೋದ್ರೆ ಹುಚ್ಚಿ ಅಂತ ಹೆಸರು ಬೀಳ್ತೈತ್ರಿ. ಹೆಸರು ಬಿದ್ರೆ ನೌಕ್ರಿ ಹೋಗ್ತೈತೆ. ನಮ್ಮ ತಾಂಡಾದಾಗೆ ಹೆಣ್ಣುಮಕ್ಕಳನ್ನ ಸಾಲಿಗೆ ಕಳ್ಸಾಕೆ ಈಗ ಶುರು ಮಾಡ್ಯಾರೆ. ನನ್ನ ಮಗಳಿಗೆ ಹಿಂಗಾತು ಅಂದ್ರೆ ನಾಳೆ ಒಬ್ರೂ ಕಳ್ಸಲ್ಲ. ಓದಿದ್ದಕ್ಕೇ ತಲೆ ಕೆಟ್ತು ಅಂತಾರೆ."

ನನಗೆ ಅಲ್ಲಿಯವರೆಗೆ ಕಮಲಾ ಒಬ್ಬಳ ಚಿಂತೆಯಿತ್ತು. ಆ ತಾಯಿಗೆ ಮಗಳು ಕೂತ ಕುರ್ಚಿಯ ಹಿಂದೆ ಸಾಲಾಗಿ ನಿಂತ ಹುಡುಗಿಯರೆಲ್ಲರ ಚಿಂತೆ. ಕೊನೆಗೆ, "ಡಾಕ್ಟರು ಏನಂತಾರೆ ಕೇಳೋಣ. ಅದೂ ಬೇಡ ಅನ್ನಿಸಿದ್ರೆ ನೀವು ಹೇಳಿದಲ್ಲಿಗೆ ನಾನೇ ಬರ್ತೀನಿ" ಅಂದೆ. ಬರುವ ಉದ್ದೇಶ ನನಗೆ ಖಂಡಿತ ಇರಲಿಲ್ಲ.

ಹೊನ್ನಾಳಿಯಲ್ಲಿ ಡಾಕ್ಟರು ಕಮಲಾಳನ್ನು ಕೇಳಿದ ಮೊದಲ ಪ್ರಶ್ನೆ ನನಗೆ ವಿಚಿತ್ರವಾಗಿ ಕಂಡಿತು. "ಆ ದನಿ ಯಾವ ಭಾಷೆಯಾಗೆ ಮಾತಾಡ್ತೈತಮ್ಮಾ?"

ಅಲ್ಲಿಯವರೆಗೆ ನೆಲ ನೋಡುತ್ತಿದ್ದವಳು ತಲೆಯೆತ್ತಿದಳು. ಅದು ಏನು ಹೇಳುತ್ತದೆಂದು ಯಾರೂ ಕೇಳಿರಲೇ ಇಲ್ಲವಲ್ಲ. "ಕನ್ನಡದಾಗೆ ಸಾರ್. ಆಫೀಸಿನ ಕನ್ನಡ. ನಮ್ಮವ್ವನ ಮಾತಿನಾಗೆ ಒಂದು ದಿನಾನೂ ಬಂದಿಲ್ಲ."

"ಏನಂತೈತೆ?"

"ಎದ್ದೇಳು, ಆ ಕುರ್ಚಿ ನಿನ್ನದಲ್ಲ ಅಂತೈತೆ ಸಾರ್."

ಸೋನಿಬಾಯಿ ಅಳಲು ಶುರು ಮಾಡಿದಳು. ಡಾಕ್ಟರು ಅವಳಿಗೆ ಕುರ್ಚಿ ಎಳೆದು ಹಾಕಿದರು. ನಿಧಾನವಾಗಿ, ಇದು ದೆವ್ವವೂ ಅಲ್ಲ, ಓದಿದ್ದರಿಂದ ಬಂದದ್ದೂ ಅಲ್ಲ, ತಾಯಿಯ ತಪ್ಪೂ ಅಲ್ಲ, ಕಾಯಿಲೆ ಅಂದರು. ಬೇಗ ಬಂದಿದ್ದೀರಿ, ಅದೇ ಅರ್ಧ ಕೆಲಸ ಅಂದರು. ಹರಕೆಯ ಮಾತು ಬಂತು. "ಹರಕೆ ನೀವು ಹೊರ್ರಿ ತಾಯಿ, ಗುಳಿಗೆ ನಾನು ಕೊಡ್ತೀನಿ. ಇಬ್ರೂ ನಮ್ಮ ನಮ್ಮ ಕೆಲಸ ಬಿಡೋದು ಬ್ಯಾಡ. ಕಟ್ಟಿ ಹಾಕೋದು ಮಾತ್ರ ಬ್ಯಾಡ್ರಿ" ಅಂದಾಗ ಅವಳು ಮೊದಲ ಸಲ ಅವರ ಮುಖ ನೋಡಿದಳು.

ಆಮೇಲೆ ಡಾಕ್ಟರು ನಮ್ಮ ಬೋರ್ಡಿನ ವಿಷಯ ವಿಚಾರಿಸಿದರು. ಯಾರಾದರೂ ಕರೆ ಮಾಡಿದರೆ ಹೆಂಗೆ ಗೊತ್ತಾಗ್ತೈತೆ? ಕಮಲಾ ಕೈಯಾಡಿಸಿ ವಿವರಿಸಿದಳು. ಹಿಡಿಕೆ ತಿರುಗಿಸುತ್ತಾರೆ, ಮುಚ್ಚಳ ಬೀಳುತ್ತದೆ, ನಾವು ವೈರು ಚುಚ್ಚುತ್ತೇವೆ. ವಿವರಿಸುತ್ತಾ ನಡುವೆ ನಿಂತುಬಿಟ್ಟಳು.

"ಆ ದನಿ ಬಂದಾಗ ಮುಚ್ಚಳ ಬಿದ್ದಿರಲ್ಲ ಸಾರ್."

"ಹಂಗಾದ್ರೆ ಅದು ನಿಮ್ಮ ಸಬ್‌ಸ್ಕ್ರೈಬರ್ ಅಲ್ಲ" ಅಂದರು ಡಾಕ್ಟರು. "ದನಿಯನ್ನ ಗುಳಿಗೆ ಸಣ್ಣದು ಮಾಡ್ತೈತೆ. ಉಳಿದಿದ್ದಕ್ಕೆ ನೀವು ಮುಚ್ಚಳ ನೋಡ್ರಿ."

ಮುಂದಿನ ಆರು ವಾರ ಕಮಲಾ ಮತ್ತು ಸೋನಿಬಾಯಿ ನಮ್ಮ ಮನೆಯಲ್ಲೇ ಇದ್ದರು. ರಜೆಯ ಅರ್ಜಿ ಬರೆದದ್ದು ನಾನು. ಡಾಕ್ಟರು ಸರ್ಟಿಫಿಕೇಟಿನಲ್ಲಿ ಚಿಕಿತ್ಸೆಯಲ್ಲಿದ್ದಾರೆ, ವಿಶ್ರಾಂತಿ ಬೇಕು ಅಂತ ಮಾತ್ರ ಬರೆದುಕೊಟ್ಟಿದ್ದರು. ನಾನು ಅರ್ಜಿಯಲ್ಲಿ ನನ್ನ ಅತ್ಯುತ್ತಮ ಕರ್ಸಿವ್ ಅಕ್ಷರದಲ್ಲಿ 'ಟೈಫಾಯ್ಡ್' ಅಂತ ಸೇರಿಸಿದೆ. ಬಹಳ ಜಾಣೆ ಅಂದುಕೊಂಡಿದ್ದೆ.

ಗುಳಿಗೆ ಶುರುವಾದ ಮೇಲೆ ಮೊದಲು ಬಂದದ್ದು ಬರೀ ನಿದ್ದೆ. ಬಾಯಿ ಒಣಗುವುದು, ಕೈ ನಡುಗುವುದು. "ಮಗಳನ್ನ ಕಲ್ಲು ಮಾಡಿಬಿಟ್ರಲ್ರೀ" ಅಂತ ಸೋನಿಬಾಯಿ ನನ್ನ ಮೇಲೆ ರೇಗಿದಳು. ಮತ್ತೆ ಹೊನ್ನಾಳಿ ಬಸ್ಸು. ಡಾಕ್ಟರು ಪ್ರಮಾಣ ಇಳಿಸಿ, ನಡುಕಕ್ಕೆ ಇನ್ನೊಂದು ಗುಳಿಗೆ ಸೇರಿಸಿದರು. ಓದು ಬಾರದ ಆ ತಾಯಿ ಬಿಳಿಯದು ಬೆಳಿಗ್ಗೆ, ಕೆಂಪನೆಯದು ರಾತ್ರಿ ಅಂತ ಬಣ್ಣದ ಮೇಲೆ ಗುರುತಿಟ್ಟುಕೊಂಡು ಒಂದು ಹೊತ್ತೂ ತಪ್ಪಿಸಲಿಲ್ಲ. ಕೈ ಹಿಡಿತಕ್ಕೆ ಬರಲಿ ಅಂತ ತಾನು ಕಸೂತಿ ಹಾಕುತ್ತಿದ್ದ ರವಿಕೆಯ ಬಟ್ಟೆಯನ್ನು ಮಗಳ ಮಡಿಲಿಗೆ ಹಾಕಿ, ಪುಟ್ಟ ಪುಟ್ಟ ಕನ್ನಡಿ ಹೊಲಿಯಲು ಕೂರಿಸಿದಳು. ಮೊದಲ ವಾರದ ಕನ್ನಡಿಗಳೆಲ್ಲ ಸೊಟ್ಟ. ನಾಲ್ಕನೇ ವಾರದ ಹೊತ್ತಿಗೆ ನನಗೆ ಹೊಲಿಯಲು ಕಲಿಸುವಷ್ಟಾಗಿದ್ದಳು. ನಾನು ಹೊಲಿದದ್ದನ್ನು ನೋಡಿ, "ಅಕ್ಕಾ, ನೀವು ಗುಳಿಗೆ ತಗೊಂಡೀರೇನ್ರೀ?" ಅಂತ ಕೇಳಿದಳು. ಎರಡು ತಿಂಗಳಲ್ಲಿ ಅವಳ ಮೊದಲ ಜೋಕು. ಸೋನಿಬಾಯಿ ನಕ್ಕು ನಕ್ಕು ಅತ್ತಳು.

ಕಮಲಾ ಕೆಲಸಕ್ಕೆ ಮರಳಿ ಹದಿನೈದು ದಿನವಾಗಿರಬೇಕು, ಶಿವಮೊಗ್ಗದಿಂದ ಟೆಲಿಫೋನ್ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಯಾರೋ ಮೂಗರ್ಜಿ ಬರೆದಿದ್ದರು, ಬೋರ್ಡಿನ ಮೇಲೆ ಹುಚ್ಚಿಯನ್ನು ಕೂರಿಸಿದ್ದಾರೆ ಅಂತ. ದಪ್ಪ ಕನ್ನಡಕ, ನಗು ಎಂಬುದು ಇಲಾಖೆಯ ನಿಯಮಕ್ಕೆ ವಿರುದ್ಧ ಅನ್ನುವಂಥ ಮುಖ. ನನಗೆ ಗೊತ್ತಿತ್ತು, ಆ ದಿನ ಅವರು ಬರೆಯುವ ಒಂದು ಸಾಲಿನಲ್ಲಿ ಎಲ್ಲ ಮುಗಿಯಬಹುದು.

"ಟೈಫಾಯ್ಡು ಎಷ್ಟು ದಿನ ಇತ್ತಮ್ಮ?"

"ಸಿಕ್ಸ್ ವೀಕ್ಸ್ ಸಾರ್" ಅಂದೆ ನಾನು.

"ನಿಮ್ಮನ್ನ ಕೇಳಲಿಲ್ಲ."

ಕಮಲಾ ಎದ್ದು ನಿಂತಳು. "ಟೈಫಾಯ್ಡ್ ಅಲ್ಲ ಸಾರ್. ಮನಸ್ಸಿನ ಕಾಯಿಲೆ. ಇಲ್ಲದ ದನಿ ಕೇಳ್ತಿತ್ತು. ಹೊನ್ನಾಳಿ ಡಾಕ್ಟರ ಹತ್ರ ಔಷಧಿ ತಗೋತಾ ಇದೀನಿ, ಇನ್ನೂ ತಗೋಬೇಕು. ಟೈಫಾಯ್ಡ್ ಅಂತ ಅಕ್ಕ ಬರೆದ್ರು, ನನ್ನ ಮೇಲಿನ ಪ್ರೀತಿಗೆ."

ಇನ್‌ಸ್ಪೆಕ್ಟರು ರಜೆಯ ಅರ್ಜಿಯನ್ನು ಪಕ್ಕಕ್ಕಿಟ್ಟರು.

"ಈಗಲೂ ಕೇಳುತ್ತದೋ?"

"ಎಲ್ಲೋ ಒಂದೊಂದು ಸಲ ಸಾರ್."

ಇಲ್ಲ ಅನ್ನಬಾರದಿತ್ತೇ ಮಾರಾಯ್ತಿ! ಮನಸ್ಸಿನಲ್ಲೇ ಕಿರುಚಿದೆ.

"ಕೇಳಿದರೆ ಏನು ಮಾಡ್ತೀಯ?"

"ಮುಚ್ಚಳ ನೋಡ್ತೀನಿ ಸಾರ್. ಬಿದ್ದಿಲ್ಲ ಅಂದ್ರೆ ವೈರು ಎತ್ತಲ್ಲ."

ಇನ್‌ಸ್ಪೆಕ್ಟರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಅವತ್ತು ಸಂತೆ ದಿನ. ಮುಚ್ಚಳಗಳು ಆಲಿಕಲ್ಲಿನ ಹಾಗೆ ಬೀಳುತ್ತಿದ್ದವು. ಗಿರಣಿಗೆ ದಾವಣಗೆರೆ, ತಾಲ್ಲೂಕು ಕಚೇರಿಗೆ ಶಿವಮೊಗ್ಗ, ಬಸ್ ಏಜೆಂಟರಿಗೆ ಹೊನ್ನಾಳಿ, ಅಷ್ಟರಲ್ಲಿ ಗಿರಣಿಗೆ ಮತ್ತೆ ದಾವಣಗೆರೆ. ಒಂದು ಗಂಟೆ ಅವಳ ಕೈ ಎಲ್ಲೂ ತಡೆಯಲಿಲ್ಲ. ಒಮ್ಮೆ ಮಾತ್ರ, ಅರೆಕ್ಷಣ, ತಲೆ ಪಕ್ಕಕ್ಕೆ ವಾಲಿತು. ಕಣ್ಣು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಬೋರ್ಡನ್ನೆಲ್ಲ ಒಮ್ಮೆ ಸವರಿತು. ಆಮೇಲೆ ಬಿದ್ದಿದ್ದ ಮುಚ್ಚಳಕ್ಕೆ ವೈರು ಚುಚ್ಚಿ, "ಹೇಳ್ರಿ, ಯಾರು ಬೇಕಿತ್ತು?" ಅಂದಳು.

ಇನ್‌ಸ್ಪೆಕ್ಟರು ಗಡಿಯಾರ ಕಟ್ಟಿಕೊಂಡರು. ಪುಸ್ತಕದಲ್ಲಿ ಬರೆದು ನನಗೆ ತೋರಿಸಿದರು: ಕನೆಕ್ಷನ್ ಒಂದೂ ತಪ್ಪಿಲ್ಲ, ಮುಂದುವರಿಯಬಹುದು. ಬಾಗಿಲವರೆಗೆ ಹೋದವರು ತಿರುಗಿ, "ಮೇಡಂ, ಸುಳ್ಳು ಕಾರಣ ಬರೆದದ್ದಕ್ಕೆ ನಿಮ್ಮಿಂದ ಲಿಖಿತ ಎಕ್ಸ್‌ಪ್ಲನೇಷನ್ ಬೇಕು" ಅಂದರು. ಮೂಗರ್ಜಿಯಲ್ಲಿ ಹೆಸರಿದ್ದವಳು ಪಾಸು, ಕಾನ್ವೆಂಟಿನವಳು ಫೇಲು! ಅಷ್ಟು ಸಂತೋಷದಿಂದ ನಾನು ಯಾವ ಪರೀಕ್ಷೆಯಲ್ಲೂ ಫೇಲಾಗಿಲ್ಲ.

ಅವರು ಹೋದ ಮೇಲೆ ಕೇಳಿದೆ, "ನಡುವೆ ಬಂತಾ?"

"ಬಂತು ಅಕ್ಕಾ. ಎದ್ದೇಳು ಅಂತು. ಮುಚ್ಚಳ ಬಿದ್ದಿರ್ಲಿಲ್ಲ, ನಾನೂ ಏಳ್ಲಿಲ್ಲ."

ಅಲ್ಲಿಗೆ ಎಲ್ಲ ಸುಖಾಂತ ಅಂದುಕೊಳ್ಳಬೇಡಿ. ಮರುವರ್ಷ, ಚೆನ್ನಾಗಿದೀನಲ್ಲ ಅಂತ ಅವಳೇ ಗುಪ್ತವಾಗಿ ಗುಳಿಗೆ ನಿಲ್ಲಿಸಿದಳು. ಬಾಗಿಲಿಗೆ ಬೆನ್ನು ಕೊಡದೆ ಕೂತದ್ದನ್ನು ಕಂಡ ರುದ್ರಪ್ಪ ಕಂಬ ಹತ್ತಲಿಲ್ಲ, ನನ್ನ ಹತ್ತಿರ ಓಡಿಬಂದ. "ಮೇಡಂ, ಈ ಸಲ ಅಳಿಲಲ್ರೀ, ಬಸ್ಸಿಗೆ ಹೊಂಡ್ರಿ." ಹದಿನೆಂಟು ದಿನವಲ್ಲ, ಮರುದಿನವೇ ಹೊನ್ನಾಳಿಯಲ್ಲಿದ್ದೆವು. ತಿಂಗಳಿಗೊಂದು ಇಂಜೆಕ್ಷನ್ ಅಂತ ಆಯಿತು, ವಾರದೊಳಗೆ ಕುರ್ಚಿಯಲ್ಲಿದ್ದಳು.

ಎಂಬತ್ತರ ದಶಕದಲ್ಲಿ ಕಮಲಾಗೆ ಜಗಳೂರಿಗೆ ವರ್ಗವಾಯಿತು. ಅಲ್ಲಿನ ಶಾಲೆಯ ಮೇಷ್ಟ್ರನ್ನು ಮದುವೆಯಾದಳು. ಹೆಣ್ಣು ನೋಡಲು ಬಂದ ದಿನವೇ ತನ್ನ ಕಾಯಿಲೆ, ಇಂಜೆಕ್ಷನ್ ಎಲ್ಲ ಹೇಳಿಬಿಟ್ಟಳಂತೆ. ಅವರು, "ತಿಂಗಳಿಗೊಮ್ಮೆ ನಾನೂ ಬರ್ತೀನಿ, ಹೊನ್ನಾಳಿ ಹೊಳೆ ನೋಡಿ ಬಹಳ ದಿನ ಆತು" ಅಂದರಂತೆ. ತಾಂಡಾದಿಂದ ಆಮೇಲೆ ಎಷ್ಟು ಹೆಣ್ಣುಮಕ್ಕಳು ಶಾಲೆಗೆ ಹೋದರೆಂದು ಸೋನಿಬಾಯಿ ಸಾಯುವವರೆಗೂ ಕಂಡಕಂಡವರಿಗೆ ಬೆರಳು ಮಡಿಸಿ ಲೆಕ್ಕ ಹೇಳುತ್ತಿದ್ದಳು. ಕಮಲಾ ಜಗಳೂರಿನಲ್ಲಿ ಯಾರ ಮನೆಯಲ್ಲಾದರೂ ಮಕ್ಕಳು ಮಂಕಾದರೆ, ತಮ್ಮಷ್ಟಕ್ಕೆ ಮಾತಾಡಿಕೊಂಡರೆ, ಕರೆಯದಿದ್ದರೂ ಹೋಗಿ ಕೂರುತ್ತಿದ್ದಳು. ಗದರಬೇಡ್ರಿ, ನಗಬೇಡ್ರಿ, ಕಾಯಬೇಡ್ರಿ. ಮೂರೇ ಮಾತು. ಒಪ್ಪದವರನ್ನು ತಾನೇ ಬಸ್ಸು ಹತ್ತಿಸುತ್ತಿದ್ದಳು.

ಇದನ್ನೆಲ್ಲ ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಇಂದು ಬೆಳಿಗ್ಗೆ ಮುಗಿಸಿ, ಅವಳನ್ನು ಕೇಳದೆ ಪತ್ರಿಕೆಗೆ ಕಳಿಸುವುದು ಸರಿಯಲ್ಲ ಅನ್ನಿಸಿ ಫೋನ್ ಮಾಡಿ ಪೂರ್ತಿ ಓದಿದೆ. ಅವಳಿಗೂ ಈಗ ಅರವತ್ತೈದು ದಾಟಿದೆ. ನಡುವೆ ಒಂದೆರಡು ಕಡೆ ನಕ್ಕಳು, ಅವ್ವನ ಮಾತು ಬಂದಾಗ "ಅದನ್ನ ಇನ್ನೊಮ್ಮೆ ಓದ್ರಿ" ಅಂದಳು.

ಕೊನೆಗೆ ಕೇಳಿದಳು, "ಎಲ್ಲಾ ಸರಿ ಅಕ್ಕಾ, ಈ ಸರೋಜಾ ಯಾರ್ರೀ?"

"ನೀನೇ ಕಣೇ. ಹೆಸರು ಬದಲಾಯಿಸಿದೀನಿ. ಊರವರು, ನೆಂಟರು ಓದ್ತಾರೆ. ಸುಮ್ನೆ ಯಾಕೆ ಅಂತ..."

"ಮತ್ತೆ ಟೈಫಾಯ್ಡ್ ಬರೆದ್ರಾ ಅಕ್ಕಾ?"

ನಾನು ಕೈಯಲ್ಲಿದ್ದ ಹಾಳೆಗಳನ್ನು ಸರಿಜೋಡಿಸಿದೆ.

"ಆ ಕುರ್ಚಿಯಾಗೆ ಕೂತೋಳು ಸರೋಜಾ ಅಲ್ರೀ. ನಾನು."

ಫೋನಿಟ್ಟು, ಕನ್ನಡಕ ಒರೆಸಿಕೊಂಡು, ಮೊದಲ ಪುಟದಿಂದ ಶುರು ಮಾಡಿದೆ. ಸರೋಜಾ ಅಂತ ಬರೆದ ಕಡೆಯಲ್ಲೆಲ್ಲ ಗೆರೆ ಎಳೆದು, ಕರ್ಸಿವ್ ಕಲಿತ ಈ ಕೈಯಲ್ಲೇ, ದಪ್ಪ ಕನ್ನಡದ ಅಕ್ಷರದಲ್ಲಿ, ಒಂದೊಂದಾಗಿ ಬರೆದೆ: ಕಮಲಾಬಾಯಿ.